ಮಗಳ ಹನ್ನೆರಡನೇ ಕ್ಲಾಸಿಗೆ ಗಣಿತ ಆರಿಸಿದ್ದು

ಹಾಸನದಲ್ಲಿ ನಾನು ಪಿಯುಸಿಗೆ ಸೇರುವಾಗ ಆರಿಸುವುದು ಅಂತ ಏನೂ ಇರಲಿಲ್ಲ. ಅಪ್ಪ ಫಾರ್ಮಿನಲ್ಲಿ ಪಿಸಿಎಂಬಿ ಅಂತ ಬರೆದರು. ಎರಡು ವರ್ಷ ಅದನ್ನೇ ಓದಿದೆ, ಸಿಇಟಿ ಬರೆದೆ, ಮುಗಿಯಿತು. ಹಾಗಾಗಿ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮಗಳ ಹೈಸ್ಕೂಲಿನಿಂದ ಫೆಬ್ರವರಿಯಲ್ಲಿ ಕೋರ್ಸ್ ಫಾರ್ಮ್ ಬಂದಾಗ ನನಗೆ ತಲೆ ಕೆಟ್ಟುಹೋಯಿತು. ಗಣಿತ ಒಂದರಲ್ಲೇ ನಾಲ್ಕು ದಾರಿ!

ಅವಳು ಆಗ ಹನ್ನೊಂದರಲ್ಲಿ ಎಪಿ ಕ್ಯಾಲ್ಕುಲಸ್ ಎಬಿ ಓದುತ್ತಿದ್ದಳು. ಎಪಿ ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸು. ಮೊದಲ ಸೆಮಿಸ್ಟರಿಗೆ ಬಿ ಪ್ಲಸ್. ಮುಂದೆ ಎಪಿ ಕ್ಯಾಲ್ಕುಲಸ್ ಬಿಸಿ ತಗೊಳ್ಳಬಹುದು. ಎಪಿ ಸ್ಟ್ಯಾಟಿಸ್ಟಿಕ್ಸ್ ತಗೊಳ್ಳಬಹುದು. ಕಮ್ಯುನಿಟಿ ಕಾಲೇಜಿಗೆ ಹೋಗಿ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್ ಮಾಡಬಹುದು. ಇಲ್ಲವೇ ಗಣಿತವನ್ನೇ ಬಿಡಬಹುದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಕಡ್ಡಾಯ ಅಂತ ಕೇಳುವುದು ಮೂರು ವರ್ಷದ ಗಣಿತ, ನಾಲ್ಕಾದರೆ ಒಳ್ಳೆಯದು ಅನ್ನುತ್ತದೆ ಅಷ್ಟೆ. ಕೊನೇ ದಾರಿಯನ್ನು ನಾವು ಮನೆಯಲ್ಲಿ ಬಾಯಿ ಬಿಟ್ಟು ಹೇಳಲೂ ಇಲ್ಲ.

ಮಗಳಿಗೆ ಪಬ್ಲಿಕ್ ಹೆಲ್ತ್ ಓದುವ ಆಸೆ. ಅವಳು ಸ್ಟ್ಯಾಟ್ಸ್ ಅಂದಳು. ಅದೇ ವಾರ, ತಡವಾಗಿ ಇಟ್ಟುಕೊಂಡಿದ್ದ ಸಂಕ್ರಾಂತಿ ಕಾರ್ಯಕ್ರಮ ಇತ್ತು. ಎಳ್ಳುಬೆಲ್ಲ ಕೊಡುತ್ತಾ ಒಬ್ಬರ ಹತ್ತಿರ ಇದನ್ನು ಹೇಳಿದೆ. "ಸ್ಟ್ಯಾಟ್ಸಾ? ಅದು ಗಣಿತ ಬರದವರು ತಗೊಳ್ಳೋದು, ಅಲ್ವಾ?" ಅಂದರು. ನನಗೆ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಮನೆಗೆ ಬಂದು ನಾನೂ ಇವರೂ ಸೇರಿ ಮಲ್ಟಿವೇರಿಯಬಲ್ ಅಂತ ತೀರ್ಮಾನಿಸಿದೆವು. ಅವಳನ್ನು ಸರಿಯಾಗಿ ಕೇಳಲೂ ಇಲ್ಲ.

ಮಲ್ಟಿವೇರಿಯಬಲ್‌ಗೆ ಹೋಗಬೇಕಾದರೆ ಮೊದಲು ಕಾಲೇಜಿನ ಎರಡನೇ ಸೆಮಿಸ್ಟರ್ ಕ್ಯಾಲ್ಕುಲಸ್ ಆಗಿರಬೇಕು. ಎಬಿಯಲ್ಲಿ ಇರುವುದು ಸುಮಾರು ಒಂದೇ ಸೆಮಿಸ್ಟರಿನ ಪಾಠ. ಆ ಕಂದಕ ತುಂಬಲು ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿಗೆ ಹಾಕಿದೆವು. ಒಂದು ಸೆಮಿಸ್ಟರಿನ ಪಾಠ ಆರೇ ವಾರದಲ್ಲಿ. ಎರಡನೇ ವಾರದ ಹೊತ್ತಿಗೆ ರಾತ್ರಿ ಹನ್ನೊಂದಕ್ಕೂ ಅವಳು ಊಟದ ಮೇಜಿನ ಮುಂದೆಯೇ ಕೂತಿರುತ್ತಿದ್ದಳು. ಪಕ್ಕದ ದೋಸೆ ತಣ್ಣಗಾಗಿ ರಟ್ಟಾಗಿರುತ್ತಿತ್ತು. ಒಂದು ಇಂಟಿಗ್ರಲ್ ಬಿಡಿಸಿ ಮುಗಿಸುವಷ್ಟರಲ್ಲಿ ಕ್ಲಾಸು ಇನ್ನೆರಡು ಅಧ್ಯಾಯ ದಾಟಿರುತ್ತಿತ್ತು. ಮೂರನೇ ವಾರ ಬಿಟ್ಟಳು.

ನಮಗೆ ಗೊತ್ತಿಲ್ಲದಿದ್ದ ಸಂಗತಿ ಒಂದಿತ್ತು. ಆರು ವಾರದ ಕ್ಲಾಸಿನಲ್ಲಿ ಗುರುತು ಉಳಿಯದಂತೆ ಬಿಡುವ ಗಡುವು ಶುರುವಿನ ಕೆಲವೇ ದಿನಕ್ಕೆ ಮುಗಿದುಹೋಗುತ್ತದೆ. ಆಮೇಲೆ ಬಿಟ್ಟರೆ ಕಾಲೇಜ್ ಟ್ರಾನ್ಸ್‌ಕ್ರಿಪ್ಟಿನಲ್ಲಿ, ಅಂದರೆ ಅಂಕಪಟ್ಟಿಯಲ್ಲಿ, ಡಬ್ಲ್ಯೂ (ವಿತ್‌ಡ್ರಾ, ನಡುವೆ ಬಿಟ್ಟದ್ದು) ಬೀಳುತ್ತದೆ. ಹೈಸ್ಕೂಲ್ ಹುಡುಗಿ ಅಂತ ರಿಯಾಯಿತಿ ಏನಿಲ್ಲ. ಅದು ಅವಳ ಕಾಲೇಜ್ ದಾಖಲೆಯೇ, ಮುಂದೆಯೂ ಇರುತ್ತದೆ. ತಪ್ಪು ಪೂರ್ತಿ ನಮ್ಮದು. ಕ್ಯಾಲೆಂಡರ್ ನೋಡಿರಲಿಲ್ಲ.

ಆಗಸ್ಟಿನಲ್ಲಿ ಸಪ್ಪೆ ಮುಖ ಹಾಕಿಕೊಂಡು ಶಾಲೆಯ ಕೌನ್ಸೆಲರ್ ಹತ್ತಿರ ಹೋದೆವು. ಆ ಇಪ್ಪತ್ತು ನಿಮಿಷದಲ್ಲಿ ಕಲಿತದ್ದನ್ನು ಫೆಬ್ರವರಿಯಲ್ಲೇ ಕಲಿಯಬಹುದಿತ್ತು. ಬಹಳಷ್ಟು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಅವರು ಒಂದು ಫಾರ್ಮ್ ತುಂಬಬೇಕು. ನಮ್ಮ ಶಾಲೆಯಲ್ಲಿ ಸಿಗುವುದಕ್ಕೆ ಹೋಲಿಸಿದರೆ ಈ ಹುಡುಗಿ ಆರಿಸಿದ ಕೋರ್ಸುಗಳು ಎಷ್ಟು ಕಷ್ಟದವು ಅಂತ ಅದರಲ್ಲಿ ಗುರುತು ಹಾಕಬೇಕು. ನೋಡುವುದು ಇಡೀ ಪಟ್ಟಿಯನ್ನು, ಗಣಿತ ಒಂದನ್ನೇ ಅಲ್ಲ. ಎಪಿ ಬಯಾಲಜಿ, ಎಪಿ ಲಿಟರೇಚರ್ ಆಗಲೇ ಅವಳ ಪಟ್ಟಿಯಲ್ಲಿದ್ದವು.

ಅವರು ಹೇಳಿದ್ದರಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಇನ್ನೊಂದು. ಕ್ಯಾಲ್ಕುಲಸ್ ಬದಲಿಗೆ ಸ್ಟ್ಯಾಟ್ಸ್ ಬೇರೆ, ಕ್ಯಾಲ್ಕುಲಸ್ ಆದಮೇಲೆ ಸ್ಟ್ಯಾಟ್ಸ್ ಬೇರೆ. ಸಂಕ್ರಾಂತಿ ಕಾರ್ಯಕ್ರಮದಲ್ಲಿ ನನಗೆ ಚುಚ್ಚಿದ ಮಾತು ಮೊದಲನೆಯದರ ಬಗ್ಗೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಗಟ್ಟಿ ಬೀಜಗಣಿತವನ್ನು ತಪ್ಪಿಸಿಕೊಳ್ಳುವ ದಾರಿಗಳ ಮೇಲೆ ಕಾಲೇಜುಗಳಿಗೆ ಅನುಮಾನ ಇದ್ದೇ ಇದೆ. 2023ರಲ್ಲಿ ಯುಸಿ ಹೈಸ್ಕೂಲ್ ಡೇಟಾ ಸೈನ್ಸ್ ಕೋರ್ಸುಗಳನ್ನು ಆಲ್ಜೀಬ್ರಾ 2ರ ಬದಲಿಗೆ ಒಪ್ಪುವುದಿಲ್ಲ ಎಂದದ್ದೂ ಇದೇ ಜಗಳದ ನಡುವೆ. ಆದರೆ ನನ್ನ ಮಗಳು ಕ್ಯಾಲ್ಕುಲಸ್ ಮುಗಿಸಿಯಾಗಿತ್ತು. ಬಿಸಿಗೆ ಹೋದರೆ ಎಬಿಯ ಪಾಠವೆಲ್ಲ ಮತ್ತೆ ಬರುತ್ತದೆ, ಹೊಸದು ಅಂದರೆ ಮುಖ್ಯವಾಗಿ ಸೀರೀಸ್, ಪೋಲಾರ್, ಪ್ಯಾರಾಮೆಟ್ರಿಕ್. ಪಬ್ಲಿಕ್ ಹೆಲ್ತಿಗೆ ಹೋಗುವವಳಿಗೆ ದಿನಾ ಬೇಕಾಗುವುದು ಸ್ಟ್ಯಾಟ್ಸೇ. ಪಕ್ಕದ ಮನೆಯ ಹುಡುಗ ಮೆಕ್ಯಾನಿಕಲ್ ಎಂಜಿನಿಯರಿಂಗ್ ಅನ್ನುತ್ತಿದ್ದಾನೆ. ಅವನಿಗೆ ನಾನು ಕಣ್ಣು ಮುಚ್ಚಿಕೊಂಡು ಬಿಸಿ ಅನ್ನುತ್ತೇನೆ.

ಸ್ಟ್ಯಾಟ್ಸ್ ಕ್ಲಾಸಿನಲ್ಲಿ ಒಂದೇ ಸೀಟು ಉಳಿದಿತ್ತು. ಸಿಕ್ಕಿತು.

ಇನ್ನೊಂದು ಭ್ರಮೆಯ ಬಗ್ಗೆ ಹೇಳಿಬಿಡುತ್ತೇನೆ. ಯುಸಿ ಜಿಪಿಎಗೆ, ಅಂದರೆ ಗ್ರೇಡುಗಳ ಸರಾಸರಿಗೆ, ಹಿಡಿಯುವುದು ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಗ್ರೇಡ್. ಅದಕ್ಕೇ ಹನ್ನೆರಡು ಸುಮ್ನೆ ಅಂತ ಕೆಲವರು ತಿಳಿಯುತ್ತಾರೆ. ಹಾಗಲ್ಲ. ಹನ್ನೆರಡರಲ್ಲಿ ಏನೇನು ಓದುತ್ತೀರಿ ಅಂತ ಅರ್ಜಿಯಲ್ಲೇ ಬರೆಯಬೇಕು. ಸೀಟು ಸಿಕ್ಕಮೇಲೂ ಅದು ಷರತ್ತಿನ ಮೇಲೆ ನಿಂತಿರುತ್ತದೆ, ಕೊನೇ ಟ್ರಾನ್ಸ್‌ಕ್ರಿಪ್ಟ್ ನೋಡುತ್ತಾರೆ. ಬಹಳಷ್ಟು ಖಾಸಗಿ ಕಾಲೇಜುಗಳಂತೂ ಮೊದಲ ಸೆಮಿಸ್ಟರಿನ ಗ್ರೇಡನ್ನು ಮಿಡ್‌ಇಯರ್ ರಿಪೋರ್ಟಿನಲ್ಲಿ ತರಿಸಿಕೊಳ್ಳುತ್ತವೆ. ಅದೇ ಸೆಮಿಸ್ಟರಿನಲ್ಲೇ ಪ್ರಬಂಧಗಳನ್ನೂ ಬರೆಯಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿದ್ದು ನೋಡಿದಾಗ ಮಲ್ಟಿವೇರಿಯಬಲ್ ತಪ್ಪಿದ್ದೇ ಪುಣ್ಯ ಅನ್ನಿಸಿತು. ಡಬ್ಲ್ಯೂ ಬಗ್ಗೆ ಅರ್ಜಿಯಲ್ಲಿ ಎರಡು ಸಾಲು ಬರೆದಳು, ನೆಪ ಹೇಳದೆ.

ಫೆಬ್ರವರಿ, ಮಾರ್ಚಿನ ಹೊತ್ತಿಗೆ ಅತ್ತೆ ಊರಿನಿಂದ ಬಂದಿದ್ದರು. ದಿನಾ ಬೆಳಗ್ಗೆ, ಸಂಜೆ ಬಿಪಿ ನೋಡಿ ಒಂದು ಹಳೇ ಡೈರಿಯಲ್ಲಿ ಬರೆದಿಡುತ್ತಾರೆ. ಮಗಳು 30 ದಿನದ ಅಂಕಿ ತಗೊಂಡು ಕ್ಲಾಸಿನ ಪ್ರಾಜೆಕ್ಟ್ ಮಾಡಿದಳು. ಬೆಳಗ್ಗೆ ಬಿಪಿ ನಿಜವಾಗಲೂ ಜಾಸ್ತಿಯೇ? ಮೊದಲು ಬೆಳಗಿನ 30 ಒಂದು ಗುಂಪು, ಸಂಜೆಯ 30 ಇನ್ನೊಂದು ಗುಂಪು ಅಂತ ಹೋಲಿಸಿದಳು. ಏನೂ ಹೇಳಲಾಗಲಿಲ್ಲ. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಅಷ್ಟು ಏರುಪೇರು. "ಎರಡೂ ಒಬ್ಬರದ್ದೇ, ಒಂದೇ ದಿನದ್ದೇ ಅಲ್ವಾ, ಜೋಡಿ ಮಾಡಬಾರದೇ?" ಅಂತ ಟೀಚರ್ ಕೇಳಿದರಂತೆ. ಮನೆಗೆ ಬಂದು ಪ್ರತಿ ದಿನದ ಬೆಳಗಿನ ಅಂಕಿಯಿಂದ ಸಂಜೆಯದನ್ನು ಕಳೆದು, ಆ 30 ವ್ಯತ್ಯಾಸಗಳನ್ನೇ ನೋಡಿದಳು. ಏರುಪೇರು ಜರಡಿ ಹಿಡಿದಂತೆ ಹೋಯಿತು. ಬೆಳಗ್ಗೆ ಜಾಸ್ತಿ ಅನ್ನುವುದು ಸ್ಪಷ್ಟವಾಗಿ ಕಂಡಿತು. ಕುರ್ಚಿಯಿಂದ ಎದ್ದು ಅಜ್ಜಿಯ ಹತ್ತಿರ ಓಡಿದಳು.

ಅತ್ತೆ ಕನ್ನಡಕ ಏರಿಸಿ ಲ್ಯಾಪ್‌ಟಾಪ್ ನೋಡಿದರು. "ಇದಕ್ಕೆ ಇಷ್ಟೊಂದು ಲೆಕ್ಕ ಬೇಕಿತ್ತಾ? ನನ್ನ ಕೇಳಿದ್ದರೆ ನಾನೇ ಹೇಳ್ತಿದ್ದೆ."

ಈಗ ಮಗಳು ಯುಸಿಯ ಒಂದು ಕ್ಯಾಂಪಸ್ಸಿನಲ್ಲಿ ಪಬ್ಲಿಕ್ ಹೆಲ್ತ್ ಓದುತ್ತಿದ್ದಾಳೆ. ಚಿಕ್ಕವನು ಹತ್ತರಲ್ಲಿದ್ದಾನೆ. ಅವನ ಫಾರ್ಮ್ ಬಂದಾಗ ಮೊದಲು ಅವನನ್ನೇ ಕೂರಿಸಿಕೊಂಡು ಕೇಳಿದೆ.