ಎರಡು ಐಷಾರಾಮಿ ಸೆಡಾನ್‌ಗಳಲ್ಲಿ ಒಂದನ್ನು ಆರಿಸುವುದು ಹೇಗೆ? ಹಿಂದಿನ ಸೀಟಿನಿಂದ ಆರಂಭಿಸಿ

ಮುಂಬಯಿಯಲ್ಲಿ ಎಪ್ಪತ್ತು ಎಂಬತ್ತು ಲಕ್ಷ ರೂಪಾಯಿಯ ಕಾರು ಕೊಳ್ಳುವ ನಮ್ಮ ಕನ್ನಡಿಗರಲ್ಲಿ ಹೆಚ್ಚಿನವರು ಅದನ್ನು ತಾವೇ ಓಡಿಸುವುದಿಲ್ಲ. ಡ್ರೈವರ್ ಓಡಿಸುತ್ತಾರೆ, ಮಾಲೀಕರು ಹಿಂದೆ ಕೂರುತ್ತಾರೆ. ಆದರೆ ಶೋರೂಮಿಗೆ ಹೋದ ದಿನ ಮಾತ್ರ ಸ್ಟೀರಿಂಗ್ ಹಿಡಿದು ಹದಿನೈದು ನಿಮಿಷ ಸುತ್ತಾಡಿ, ಪಿಕಪ್ ಚೆನ್ನಾಗಿದೆ ಎಂದು ಮೆಚ್ಚಿ, ಮುಂಗಡ ಕೊಟ್ಟು ಬರುತ್ತಾರೆ. ಬಂಧುಗಳ ಜೊತೆ, ಹೋಟೆಲ್ ಉದ್ಯಮದ ಸ್ನೇಹಿತರ ಜೊತೆ ಇಂಥ ಖರೀದಿಗೆ ಹಲವು ಸಲ ಹೋಗಿ ಬಂದಿರುವ ನಾನು ಈ ತಪ್ಪನ್ನು ಪದೇ ಪದೇ ಕಂಡಿದ್ದೇನೆ.

ಉದಾಹರಣೆಗಾಗಿ ಮರ್ಸಿಡಿಸ್-ಬೆಂಜ್ ಇ-ಕ್ಲಾಸ್ ಮತ್ತು ಬಿಎಂಡಬ್ಲ್ಯು 5 ಸೀರೀಸ್ ಕಾರುಗಳನ್ನು ತೆಗೆದುಕೊಳ್ಳೋಣ. ಎರಡರ ಈಗಿನ ಆವೃತ್ತಿಗಳೂ 2024ರಲ್ಲಿ ನಮ್ಮ ಮಾರುಕಟ್ಟೆಗೆ ಬಂದವು. ಮೊದಲನೆಯದು ಪುಣೆಯ ಪಕ್ಕದ ಚಾಕಣ್‌ನಲ್ಲಿ, ಎರಡನೆಯದು ಚೆನ್ನೈಯಲ್ಲಿ ಜೋಡಣೆಯಾಗುತ್ತದೆ. ಎರಡನ್ನೂ ಇಲ್ಲಿ ಮಾರುವುದು ಉದ್ದನೆಯ ವೀಲ್‌ಬೇಸ್‌ನಲ್ಲಿ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿಸಿ, ಹಿಂದೆ ಕೂರುವವರಿಗೆ ಹೆಚ್ಚು ಕಾಲುಜಾಗ ಕೊಟ್ಟು. ಸುರಕ್ಷತೆಯಲ್ಲಿ, ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ ಎರಡೂ ಮಾದರಿಗಳಿಗೆ ಐದು ನಕ್ಷತ್ರ ಕೊಟ್ಟಿದೆಯಾದರೂ, ಪರೀಕ್ಷೆಗೆ ಒಳಗಾದವು ಯುರೋಪಿನ ಗಿಡ್ಡ ವೀಲ್‌ಬೇಸ್ ಕಾರುಗಳು ಎಂಬುದು ನೆನಪಿರಲಿ.

ಮೊದಲು ಟೇಪು ಹಿಡಿಯಿರಿ

ಶೋರೂಮಿಗೆ ಹೊರಡುವ ಮುನ್ನ ನಿಮ್ಮ ಸೊಸೈಟಿಯ ಪಾರ್ಕಿಂಗ್ ಜಾಗವನ್ನು ಅಳೆಯಿರಿ. 5 ಸೀರೀಸ್‌ನ ಉದ್ದ 5,165 ಮಿಲಿಮೀಟರ್, ಇ-ಕ್ಲಾಸ್‌ನದು 5,092. ನಡುವಿನ ಅಂತರ ನಾಲ್ಕು ಬೆರಳಿನಷ್ಟೇ ಆದರೂ, ಒಂದರ ಮೇಲೊಂದು ಕಾರು ಏರಿಸುವ ಸ್ಟ್ಯಾಕ್ ಪಾರ್ಕಿಂಗ್‌ನಲ್ಲಿ ಆ ನಾಲ್ಕು ಬೆರಳೇ ನಿರ್ಣಾಯಕವಾಗಬಹುದು. ಚೆಂಬೂರಿನ ಪರಿಚಿತರೊಬ್ಬರು ಹೊಸ ಕಾರನ್ನು ಮನೆಗೆ ತಂದ ಸಂಜೆಯೇ ಅದರ ಹಿಂಬದಿ ಸ್ಟ್ಯಾಕಿನ ತಟ್ಟೆಯಿಂದ ಹೊರಕ್ಕೆ ಚಾಚಿಕೊಂಡಿತು. ಇಂದಿಗೂ ಅವರು ಎರಡು ರಸ್ತೆ ಆಚೆ ತಿಂಗಳ ಬಾಡಿಗೆ ಕೊಟ್ಟು ಕಾರು ನಿಲ್ಲಿಸುತ್ತಿದ್ದಾರೆ. ತಟ್ಟೆಯ ಉದ್ದ ಅಗಲಗಳ ಜೊತೆಗೆ ಅದು ಹೊರುವ ತೂಕದ ಮಿತಿಯನ್ನೂ ಸೊಸೈಟಿಯ ಕಚೇರಿಯಲ್ಲಿ ಕೇಳಿಕೊಳ್ಳಿ. ಕಾರು ಹೊಕ್ಕ ಮೇಲೆ ಬಾಗಿಲು ತೆರೆದು ಇಳಿಯಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೂ ನೋಡಿ.

ಎಂಜಿನ್ನಿನ ತೀರ್ಮಾನ

ಇದಕ್ಕೆ ಹೆಚ್ಚು ಹೊತ್ತು ಬೇಡ. ಪೆಟ್ರೋಲಿನ ಇ200 ಕಾರಿಗೆ 204 ಅಶ್ವಶಕ್ತಿ, ಬಿಎಂಡಬ್ಲ್ಯುವಿನ 530ಎಲ್‌ಐ ಕಾರಿಗೆ 258. ಹಿಂದೆ ಕೂರುವವರಿಗೆ ಪೇಟೆಯ ಸಂಚಾರದಲ್ಲಿ ಈ ಅಂತರ ತಿಳಿಯುವುದೇ ಇಲ್ಲ. ಡೀಸೆಲ್ಲಿನ ಇ220ಡಿ 440 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುತ್ತದೆ, ಘಾಟಿ ಏರುವಾಗ ಅದು ನಿಜಕ್ಕೂ ಸುಖ. ಆದರೆ ಮಾಟುಂಗಾದಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ (ಬಿಕೆಸಿ) ಹೋಗಿ ಬರುವುದಷ್ಟೇ ನಿಮ್ಮ ನಿತ್ಯದ ಓಡಾಟವಾಗಿದ್ದರೆ ಡೀಸೆಲ್ ಖಂಡಿತ ಬೇಡ. ಬಿಎಸ್-6 ಎಂಬ ಈಗಿನ ಹೊಗೆ ನಿಯಮದ ಡೀಸೆಲ್ ಕಾರಿನಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್ ಇರುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಕಾರು ಆಗಾಗ ಸ್ವಲ್ಪ ಹೊತ್ತು ಹೆದ್ದಾರಿಯ ವೇಗದಲ್ಲಿ ಓಡಬೇಕು. ಬರೀ ನಿಂತು ನಿಂತು ಸಾಗುವ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ. ತಿಂಗಳಿಗೆರಡು ಸಲ ಪುಣೆಗೋ ಕೊಲ್ಹಾಪುರದ ದಾರಿಯಾಗಿ ಊರಿಗೋ ಹೋಗುವವರಿಗೆ ಈ ತೊಂದರೆ ಇಲ್ಲ.

ಟೆಸ್ಟ್ ಡ್ರೈವ್: ಎಲ್ಲರೂ ಎಡವುವ ಹಂತ

ಎರಡೂ ಕಾರುಗಳನ್ನು ಒಂದೇ ದಿನ, ಒಂದೇ ದಾರಿಯಲ್ಲಿ, ಅದೇ ಜನರನ್ನು ಕೂರಿಸಿಕೊಂಡು ನೋಡಬೇಕು. ಒಂದನ್ನು ಈ ಶನಿವಾರ, ಇನ್ನೊಂದನ್ನು ಮುಂದಿನ ತಿಂಗಳು ನೋಡಿದರೆ ನೀವು ಹೋಲಿಸುತ್ತಿರುವುದು ಕಾರುಗಳನ್ನಲ್ಲ, ನಿಮ್ಮ ನೆನಪುಗಳನ್ನು. ಶೋರೂಮಿನವರು ತೋರಿಸುವ ದಾರಿ ಸಾಮಾನ್ಯವಾಗಿ ನುಣುಪಾದ ರಸ್ತೆಯೇ ಆಗಿರುತ್ತದೆ. ಆದ್ದರಿಂದ ಕಾರನ್ನು ನಿಮ್ಮ ಮನೆಗೇ ತರಿಸಿಕೊಳ್ಳಿ. ಈ ಬೆಲೆಯ ಕಾರಿಗೆ ಯಾರೂ ಇಲ್ಲವೆನ್ನುವುದಿಲ್ಲ.

ಕಾರು ಬಂದ ಕೂಡಲೇ, ಚಾಲಕನ ಬಾಗಿಲ ಚೌಕಟ್ಟಿನ ಬಳಿಯೋ ಇಂಧನ ತುಂಬುವ ಮುಚ್ಚಳದ ಒಳಗೋ ಇರುವ, ಟೈರಿನ ಗಾಳಿಯ ಒತ್ತಡ ನಮೂದಿಸಿದ ಚೀಟಿಯನ್ನು ಹುಡುಕಿ, ಎರಡೂ ಕಾರುಗಳ ಗಾಳಿಯನ್ನು ಆ ಪ್ರಮಾಣಕ್ಕೆ ತನ್ನಿ. ಅತಿಯಾಗಿ ಗಾಳಿ ತುಂಬಿದ ಟೈರಿನಿಂದಾಗಿ ಒಳ್ಳೆಯ ಸಸ್ಪೆನ್ಷನ್ ಇರುವ ಕಾರೂ ಒರಟಾಗಿ ಕಂಡದ್ದನ್ನು ನಾನು ನೋಡಿದ್ದೇನೆ. ಎರಡರಲ್ಲೂ ಡ್ರೈವಿಂಗ್ ಮೋಡ್ ಸ್ಪೋರ್ಟ್‌ನಲ್ಲಿರದೆ ಹಾಯಾದ ಸಾಮಾನ್ಯ ಮೋಡ್‌ನಲ್ಲೇ ಇರಲಿ.

ಈಗ ನಾಲ್ಕು ಜನ ದೊಡ್ಡವರು ಕೂತುಕೊಳ್ಳಿ, ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಡಿ. ಖಾಲಿ ಕಾರು ಸುಲಭವಾಗಿ ತಳ ತಾಗಿಸುವುದಿಲ್ಲ, ತುಂಬಿದ ಕಾರು ತಾಗಿಸುತ್ತದೆ. ಎರಡರ ವೀಲ್‌ಬೇಸ್ ಕೂಡ 3 ಮೀಟರ್‌ಗಿಂತ ಹೆಚ್ಚಾದುದರಿಂದ ಮುಂದಿನ ಚಕ್ರ ಹಂಪ್ ದಾಟಿದ ಮೇಲೆ ಹೊಟ್ಟೆಯ ಭಾಗ ನೆಲಕ್ಕೆ ಹತ್ತಿರವಾಗುತ್ತದೆ. ಮೊದಲ ಪರೀಕ್ಷೆ ನಿಮ್ಮ ಕಟ್ಟಡದ ನೆಲಮಾಳಿಗೆಯ ಇಳಿಜಾರಿನಲ್ಲೇ ನಡೆಯಲಿ. ಇಳಿಜಾರು ಮುಗಿದು ನೆಲ ಸಮವಾಗುವ ಅಂಚಿನಲ್ಲಿ ಒಬ್ಬರು ಕೆಳಗೆ ನಿಂತು ಅಂತರವನ್ನು ನೋಡಬೇಕು. ಊರಿನಲ್ಲಿ ಮನೆಯಿದ್ದು, ವರ್ಷಕ್ಕೊಮ್ಮೆ ಉಡುಪಿಗೋ ಕಾರವಾರಕ್ಕೋ ಕಾರಿನಲ್ಲೇ ಹೋಗುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಹಳ್ಳಿಯ ತಿರುವುಗಳಲ್ಲಿ ಎದುರಾಗುವ ಹಂಪ್‌ಗಳು ಯಾವ ಅಳತೆಗೂ ಸಿಗುವುದಿಲ್ಲ.

ಅಲ್ಲಿಂದ ಪೇವರ್ ಬ್ಲಾಕ್ ಹಾಸಿದ ಜಂಕ್ಷನ್‌ಗೆ ಹೋಗಿ, ಬಳಿಕ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಫ್ಲೈಓವರ್ ಹತ್ತಿ. ಕಾಂಕ್ರೀಟಿನ ಜೋಡಣೆಗಳನ್ನು ಅರವತ್ತರ ವೇಗದಲ್ಲಿ ದಾಟುವಾಗ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಕೂರಿ. ಒಂದೇ ಪೆಟ್ಟಿಗೆ ಕಾರು ಸುಮ್ಮನಾಗುತ್ತದೆಯೋ, ಪೆಟ್ಟಿನ ಬಳಿಕವೂ ಮೇಲೆ ಕೆಳಗೆ ತೂಗಾಡುತ್ತದೆಯೋ ಎಂಬುದು ಆಗ ಗೊತ್ತಾಗುತ್ತದೆ. ಪ್ರಯಾಣದಲ್ಲಿ ತಲೆ ಸುತ್ತುವವರಿಗೆ ಆ ತೂಗಾಟವೇ ದೊಡ್ಡ ಕಾಟ. ಚಂದ ಕಾಣುತ್ತದೆಂದು ದೊಡ್ಡ ಚಕ್ರ, ತೆಳು ಟೈರಿನ ಮೇಲ್ದರ್ಜೆ ಆವೃತ್ತಿಗೆ ಆಸೆಪಡಬೇಡಿ. ಮಳೆಗಾಲದ ಗುಂಡಿಯಲ್ಲಿ ಉಬ್ಬಿ ಹಾಳಾಗುವ ಟೈರುಗಳು ಅವೇ.

ಹಿಂದಿನ ಸೀಟನ್ನು ಪರೀಕ್ಷಿಸಲು ಮನೆಯ ಹಿರಿಯರನ್ನು ಕರೆದೊಯ್ಯಿರಿ. ಸೀರೆಯುಟ್ಟ ಅಮ್ಮ ಎರಡೂ ಕಾರುಗಳನ್ನು ಮೂರು ಮೂರು ಸಲ ಹತ್ತಿ ಇಳಿಯಲಿ. ಸೀಟು ತಗ್ಗಾಗಿದ್ದರೆ ಏಳುವಾಗ ಮೊಣಕಾಲಿಗೆ ಭಾರ ಬೀಳುತ್ತದೆ. ತೊಡೆಗೆ ಆಸರೆ ಎಲ್ಲಿಯವರೆಗೆ ಬರುತ್ತದೆ, ಮುಂದಿನ ಸೀಟಿನ ಕೆಳಗೆ ಪಾದ ಹೋಗುತ್ತದೆಯೇ ಎಂಬುದನ್ನು ಅರ್ಧ ಗಂಟೆ ಕೂತೇ ತಿಳಿಯಬೇಕು. ಇ-ಕ್ಲಾಸ್‌ನ ಹಿಂದಿನ ಸೀಟು ಒರಗುತ್ತದೆ. ನನ್ನ ದೃಷ್ಟಿಯಲ್ಲಿ ಡ್ರೈವರ್ ಇಟ್ಟುಕೊಂಡವರಿಗೆ ಇದೊಂದೇ ಅಂಶ 530ಎಲ್‌ಐನ ಹೆಚ್ಚುವರಿ 54 ಅಶ್ವಶಕ್ತಿಗಿಂತ ಹೆಚ್ಚು ಬೆಲೆಬಾಳುತ್ತದೆ. ವಾರಾಂತ್ಯದಲ್ಲಿ ತಾವೇ ಓಡಿಸುವ ಉತ್ಸಾಹವಿರುವವರು 5 ಸೀರೀಸ್ ಕಡೆಗೆ ವಾಲಿದರೆ ಅದೂ ಸರಿಯೇ. ಎರಡರಲ್ಲೂ ನೆಲದ ನಡುವೆ ಎತ್ತರದ ದಿಬ್ಬವಿರುವುದರಿಂದ ಹಿಂದೆ ಮೂವರು ಆರಾಮವಾಗಿ ಕೂರಬಹುದೆಂಬ ಮಾತನ್ನು ನಂಬಬೇಡಿ.

ಬಿಸಿಲಿನಲ್ಲಿ ಅರ್ಧ ಗಂಟೆ ಕಾರು ನಿಲ್ಲಿಸಿ, ಹಿಂದೆ ಎಸಿ ತಂಪಾಗಲು ಎಷ್ಟು ನಿಮಿಷ ಬೇಕೆಂದು ಗಡಿಯಾರ ನೋಡಿ ಬರೆದುಕೊಳ್ಳಿ. ಕೊನೆಗೆ ಸ್ಟೀರಿಂಗನ್ನು ನಿಮ್ಮ ಡ್ರೈವರ್‌ಗೆ ಕೊಡಿ. ಗಲ್ಲಿಯಲ್ಲಿ ಕಾರು ತಿರುಗಿಸುವುದು, ಕನ್ನಡಿಯಲ್ಲಿ ರಿಕ್ಷಾ ಕಾಣುವುದು, ಎಸಿಯ ಹೆಚ್ಚು ಕಡಿಮೆಗಾಗಿ ಪರದೆಯನ್ನು ಮುಟ್ಟಬೇಕಾಗಿ ಬರುವುದು, ಇವೆಲ್ಲ ದಿನವೂ ಎದುರಾಗುವುದು ಅವರಿಗೆ. ಅವರ ಅಭಿಪ್ರಾಯವನ್ನು ಮಾರಾಟಗಾರರ ಮುಂದೆ ಕೇಳದೆ ಮನೆಗೆ ಬಂದ ಮೇಲೆ ಕೇಳಿ.

ಹಣದ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಈ ವರ್ಗದ ಸೆಡಾನ್‌ಗಳ ಮೇಲಿನ ಜಿಎಸ್‌ಟಿ, ಸೆಸ್ ಸೇರಿ ಇದ್ದ ಶೇ 48ರಿಂದ ಶೇ 40ಕ್ಕೆ ಇಳಿಯಿತು. ಅದಕ್ಕೂ ಹಿಂದಿನ ಬೆಲೆಪಟ್ಟಿಗಳನ್ನು ಪಕ್ಕಕ್ಕಿಡಿ. ರಸ್ತೆ ತೆರಿಗೆ, ವಿಮೆ ಸೇರದ ಎಕ್ಸ್-ಶೋರೂಮ್ ಬೆಲೆಗಳನ್ನು ಹೋಲಿಸುವುದರಿಂದಲೂ ಪ್ರಯೋಜನವಿಲ್ಲ. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ರಸ್ತೆ ತೆರಿಗೆ ಶೇ 13, ಡೀಸೆಲ್‌ಗೆ ಶೇ 15, ಕಂಪನಿಯ ಹೆಸರಿನಲ್ಲಿ ನೋಂದಾಯಿಸಿದರೆ ಶೇ 20. ಅಂದರೆ 70 ಲಕ್ಷದ ಕಾರಿಗೆ ಕ್ರಮವಾಗಿ 9.1 ಲಕ್ಷ, 10.5 ಲಕ್ಷ, 14 ಲಕ್ಷ. ಹೋಟೆಲ್ ಕಂಪನಿಯ ಹೆಸರಿನಲ್ಲಿ ಕೊಳ್ಳುವವರು ಆದಾಯ ತೆರಿಗೆಯ ಶೇ 15ರ ಸವಕಳಿ ಲಾಭವನ್ನು ಈ ಹೆಚ್ಚುವರಿ ಮೊತ್ತದ ಎದುರಿಗಿಟ್ಟು ತಮ್ಮ ಲೆಕ್ಕಪರಿಶೋಧಕರನ್ನು ಕೇಳಬೇಕು. ಇಂಥ ಕಾರಿನ ಜಿಎಸ್‌ಟಿ ಮಾತ್ರ ಮರಳಿ ಸಿಗುವುದಿಲ್ಲ. ಶೋರೂಮಿನವರು ಬಿಲ್ಲಿನ ಜೊತೆ ವಸೂಲು ಮಾಡುವ ಶೇ 1ರ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಖರ್ಚಲ್ಲ, ಆದಾಯ ತೆರಿಗೆಯ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು.

ತೆರಿಗೆ ಕಡಿಮೆಯಿರುವ ಬೇರೆ ರಾಜ್ಯದಲ್ಲಿ ನೋಂದಾಯಿಸಿ ಇಲ್ಲಿ ಓಡಿಸುವ ಒಳದಾರಿಯನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ. ಕಾರು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಇಲ್ಲಿಯ ನೋಂದಣಿ ಕಡ್ಡಾಯ. ನಿವೃತ್ತಿಯ ನಂತರ ಬೆಂಗಳೂರಿಗೆ ಮರಳುವ ಯೋಚನೆಯಿದ್ದರೆ ಕರ್ನಾಟಕದಲ್ಲಿ ಈ ಬೆಲೆಯ ಹೊಸ ಕಾರಿಗೆ ತೆರಿಗೆಯ ದರ ಶೇ 18, ಅದರ ಮೇಲೆ ಸೆಸ್ ಎಂಬುದೂ ಲೆಕ್ಕದಲ್ಲಿರಲಿ.

ವಿಮೆಯ ದರಪಟ್ಟಿಗಳನ್ನು ಹೋಲಿಸುವಾಗ ಐಡಿವಿ ಮೊತ್ತ, ಅಂದರೆ ವಿಮೆಗಾಗಿ ನಮೂದಿಸಿದ ಕಾರಿನ ಬೆಲೆ, ಎರಡರಲ್ಲೂ ಒಂದೇ ಇರಬೇಕು. ಸವಕಳಿ ಕಡಿತವಿಲ್ಲದ ಝೀರೋ ಡೆಪ್ರಿಸಿಯೇಷನ್ ವಿಮೆ ಬೇಕೇ ಬೇಕು, ಏಕೆಂದರೆ ಅದಿಲ್ಲದಿದ್ದರೆ ಬಂಪರ್‌ನಂಥ ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧ ಕಡಿತವಾಗುತ್ತದೆ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇ ದಾರಿಯಲ್ಲಿ ಓಡಾಡುವವರಿಗೆ ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯೂ ಅಷ್ಟೇ ಅಗತ್ಯ. ಸಿಲಿಂಡರಿಗೆ ನೀರು ಹೊಕ್ಕು ಎಂಜಿನ್ ಬಿಗಿದರೆ ಸಾಮಾನ್ಯ ಪಾಲಿಸಿ ಅದರ ದುರಸ್ತಿಯನ್ನು ಭರಿಸುವುದಿಲ್ಲ. ಇನ್ನು ಶೋರೂಮಿನ ಪರಿಕರಗಳ ಕಟ್ಟಿನಲ್ಲಿ ಬರುವ ಸೀಟ್ ಕವರ್‌ಗಳನ್ನು ಪುಕ್ಕಟೆ ಕೊಟ್ಟರೂ ಹಾಕಿಸಬೇಡಿ. ಸೀಟಿನ ಪಕ್ಕದಿಂದ ತೆರೆದುಕೊಳ್ಳಬೇಕಾದ ಏರ್‌ಬ್ಯಾಗ್‌ಗೆ ಅವು ಅಡ್ಡಿಯಾಗುತ್ತವೆ.

ಕಾರು ಕೈಸೇರುವ ಮುನ್ನ

ಯಾವ ಕಾರನ್ನು ಆರಿಸಿದರೂ ನೋಂದಣಿಗೆ ಕಳಿಸುವ ಮೊದಲೇ, ಹಗಲಿನ ಬೆಳಕಿನಲ್ಲಿ, ನಿಮ್ಮ ಹೆಸರಿಗೆ ಬರಲಿರುವ ಕಾರನ್ನೇ ತೋರಿಸಲು ಕೇಳಿ. ಚಾಸಿ ಸಂಖ್ಯೆ ಬಿಲ್ಲಿನದರೊಂದಿಗೆ ತಾಳೆಯಾಗಬೇಕು, ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಬರವಣಿಗೆಯಲ್ಲಿ ಪಡೆಯಬೇಕು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿದ್ದು, ಮೊದಲೆರಡು ಅಂಕಿ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ನಾಲ್ಕೂ ಟೈರುಗಳಲ್ಲಿ ಅದನ್ನು ಓದಿ, ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ ನೋಡಿ, ಬಳಿಕ ಉಳಿದ ಹಣ ಕಟ್ಟಿ.