ಹಳೆಯ ಎಕ್ಸ್‌ಪಿಯನ್ನು ವರ್ಚುವಲ್‌ಬಾಕ್ಸ್‌ಗೆ ತಂದಾಗ ಬಂದ 7ಬಿ ದೋಷ

ನುಡಿ ತಂತ್ರಾಂಶದ ಅಕ್ಷರಗಳಲ್ಲಿದ್ದ ಹಳೆಯ ಕಡತಗಳಿಗಾಗಿ, ವಿಂಡೋಸ್ ಎಕ್ಸ್‌ಪಿ ಇದ್ದ ಗಣಕದ ಡಿಸ್ಕನ್ನು ಪೂರ್ತಿಯಾಗಿ ನಕಲು ಮಾಡಿ, ವಿಡಿಐ ಎಂಬ ಡಿಸ್ಕ್-ಕಡತದ ರೂಪಕ್ಕೆ ಬದಲಿಸಿ, ಗಣಕದೊಳಗೇ ಇನ್ನೊಂದು ಗಣಕವನ್ನು ನಡೆಸುವ ತಂತ್ರಾಂಶವಾದ ವರ್ಚುವಲ್‌ಬಾಕ್ಸ್‌ಗೆ ಜೋಡಿಸಿದೆ. ಆರಂಭದ ಲಾಂಛನ ಕಾಣಿಸಿದ ಕೂಡಲೇ ನೀಲಿ ತೆರೆ ಮಿಂಚಿ ಯಂತ್ರ ಮರುಚಾಲನೆಗೊಳ್ಳುತ್ತಿತ್ತು. ಎಫ್8 ಒತ್ತಿ ತಾನಾಗಿಯೇ ಮರುಚಾಲನೆಯಾಗುವುದನ್ನು ತಡೆದಾಗ 7ಬಿ ಎಂದು ಕೊನೆಗೊಳ್ಳುವ ಸ್ಟಾಪ್ ಸಂಕೇತ ಓದಲು ಸಿಕ್ಕಿತು. ಆರಂಭದ ಡಿಸ್ಕ್ ವ್ಯವಸ್ಥೆಗೆ ಸಿಗುತ್ತಿಲ್ಲ ಎಂಬುದು ಇದರ ಅರ್ಥ.

ಮೆಮೊರಿ ಹೆಚ್ಚಿಸಿದ್ದು, ಸೇಫ್ ಮೋಡ್, ಸಿಡಿಯಿಂದ ಚೆಕ್‌ಡಿಸ್ಕ್ ನಡೆಸಿದ್ದು ಯಾವುದೂ ಫಲ ಕೊಡಲಿಲ್ಲ. ಸಾಟಾ ಬಗೆಯ ಡಿಸ್ಕ್ ಜೋಡಣೆಗೆ ಬೇಕಾದ ಎಎಚ್‌ಸಿಐ ಚಾಲಕ (ಡ್ರೈವರ್) ಎಕ್ಸ್‌ಪಿಯಲ್ಲಿ ಇಲ್ಲದ ಕಾರಣ, ವರ್ಚುವಲ್‌ಬಾಕ್ಸ್‌ನಲ್ಲಿ ಸಾಟಾ ನಿಯಂತ್ರಕವನ್ನು ತೆಗೆದು ಹಳೆಯ ಬಗೆಯ ಐಡಿಇ ನಿಯಂತ್ರಕ ಹಾಕಿದ್ದು ಅಗತ್ಯವೇ ಆಗಿತ್ತು, ಆದರೆ ಅದೊಂದೇ ಸಾಲಲಿಲ್ಲ.

ಏಕೆಂದರೆ ಎಕ್ಸ್‌ಪಿ ಹಳೆಯ ಮದರ್‌ಬೋರ್ಡಿನ ಐಡಿಇ ಚಾಲಕಕ್ಕೇ ಅಂಟಿಕೊಂಡಿತ್ತು. ಆದ್ದರಿಂದ ಹಳೆಯ ಗಣಕವನ್ನೇ ಮತ್ತೆ ಚಾಲೂ ಮಾಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಐಡಿಇ ನಿಯಂತ್ರಕದ ಚಾಲಕವನ್ನು ಪಟ್ಟಿಯಿಂದ ಕೈಯಾರೆ ಆರಿಸಿ 'ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್ ಪಿಸಿಐ ಐಡಿಇ ಕಂಟ್ರೋಲರ್' ಎಂದು ಬದಲಿಸಿದೆ. ಮರುಚಾಲನೆಗೆ ಕೇಳಿದಾಗ 'ಬೇಡ' ಎಂದು ಹೇಳಿ ಗಣಕವನ್ನು ನೇರವಾಗಿ ಆಫ್ ಮಾಡಬೇಕು. ಮರುಚಾಲನೆಗೊಂಡರೆ ಹಳೆಯ ಚಾಲಕ ಮರಳಿ ಬರಬಹುದು. ಆಫ್ ಮಾಡಿದ ಮೇಲೆ, ಯುಎಸ್‌ಬಿಯಿಂದ ಲಿನಕ್ಸ್ ಆರಂಭಿಸಿ ಡಿಸ್ಕನ್ನು ಹೊಸದಾಗಿ ನಕಲು ಮಾಡಿದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಐಡಿಇ ನಿಯಂತ್ರಕದ ಬಗೆ ಪಿಐಐಎಕ್ಸ್4, ಡಿಸ್ಕ್ ಪ್ರೈಮರಿ ಮಾಸ್ಟರ್, ಪ್ರೊಸೆಸರ್ 1, ಮೆಮೊರಿ 512 ಎಂಬಿ. ಈ ಜೋಡಣೆಯಲ್ಲಿ ಎಕ್ಸ್‌ಪಿ ಮೊದಲ ಪ್ರಯತ್ನಕ್ಕೇ ತೆರೆದುಕೊಂಡಿತು. ಎಕ್ಸ್‌ಪಿಗೆ ಭದ್ರತಾ ಬೆಂಬಲ 2014ರ ಏಪ್ರಿಲ್ 8ರಂದೇ ನಿಂತಿರುವುದರಿಂದ ನೆಟ್‌ವರ್ಕ್ ಅಡಾಪ್ಟರನ್ನು ಸಂಪೂರ್ಣ ನಿಷ್ಕ್ರಿಯಗೊಳಿಸಿದ್ದೇನೆ.