ಒಂದೇ ಬೈಕು, ಎರಡು ಜೋಡಿ ಗಾಲಿ, ಮೂರು ಬಗೆಯ ರೇಸು

ಮೌಂಟನ್ ಬೈಕ್ (ಗುಡ್ಡದ ದಾರಿಯ ಸೈಕಲ್) ರೇಸುಗಳಲ್ಲಿ ಕ್ರಾಸ್‌ಕಂಟ್ರಿಗೊಂದು, ಮ್ಯಾರಥಾನಿಗೊಂದು, ಎಂಡ್ಯೂರೊಗೊಂದು ಬೈಕು ಬೇಕೇ ಬೇಕು ಎಂದವರೇ ಹೆಚ್ಚು. ಹಿಂದೆ ಮುಂದೆ 120 ಮಿ.ಮೀ. ಟ್ರಾವೆಲ್ (ಸಸ್ಪೆನ್ಷನ್ ಕುಗ್ಗುವ ಅಳತೆ) ಇರುವ ಒಂದೇ ಬೈಕಿನಲ್ಲಿ ಮೂರನ್ನೂ ಒಂದು ಸೀಸನ್ನಿನಲ್ಲಿ ಮುಗಿಸಿದ್ದೇನೆ. ಬದಲಾಗಿದ್ದು ಗಾಲಿ ಮತ್ತು ಗಾಳಿ, ಅಷ್ಟೇ.

ಕ್ರಾಸ್‌ಕಂಟ್ರಿಯದು ನಾಲ್ಕರಿಂದ ಆರು ಕಿ.ಮೀ. ಸುತ್ತು, ಒಟ್ಟು ಒಂದೂವರೆ ಗಂಟೆಯ ಆಸುಪಾಸು. ಮೊದಲ ಏರಿನಲ್ಲಿ ಹಿಂದುಳಿದರೆ ಒಬ್ಬರಷ್ಟೇ ಹೋಗಬಲ್ಲ ಕಿರುದಾರಿಯಲ್ಲಿ (ಸಿಂಗಲ್‌ಟ್ರ್ಯಾಕ್) ದಾಟಲು ಜಾಗವೇ ಸಿಗುವುದಿಲ್ಲ. ಮುಂದಿರುವವರ ಮೊದಲ ಸುತ್ತಿನ ವೇಳೆಗಿಂತ ಶೇ. 80ರಷ್ಟು ನಿಧಾನವಾದರೆ ಹೊರಗೆ ಕಳಿಸುತ್ತಾರೆ. ಅದಕ್ಕೇ ಮೊದಲ ಜೋಡಿ ಗಾಲಿಗೆ ತೆಳು ಕೇಸಿಂಗಿನ (ಟಯರಿನ ಒಡಲು) 2.35 ಇಂಚಿನ ಟಯರ್. ದೂರದ ಓಟವಾದ ಮ್ಯಾರಥಾನಿಗೂ ಅದೇ ಜೋಡಿ. ತೂತು ಮುಚ್ಚಲು ಟಯರಿನೊಳಗೆ ಸುರಿಯುವ ದ್ರವ, ಸೀಲೆಂಟ್, ಮಾತ್ರ 80 ಮಿ.ಲೀ. ಬದಲು 110. ಎಂಡ್ಯೂರೊದಲ್ಲಿ ಗಡಿಯಾರ ಓಡುವುದು ಇಳಿಜಾರಿನ ಸ್ಟೇಜಿನಲ್ಲಿ. ಏರು ಹೇಗೆ ಹತ್ತಿದಿರಿ ಎಂದು ಯಾರೂ ಕೇಳುವುದಿಲ್ಲ, ಮುಂದಿನ ಸ್ಟೇಜಿಗೆ ತಡವಾದರೆ ದಂಡ ಬೀಳುತ್ತದೆ. ಅಲ್ಲಿಗೆ ಎರಡನೇ ಜೋಡಿ: ದಪ್ಪ ಕೇಸಿಂಗಿನ 2.4 ಇಂಚಿನ ಟಯರ್, ಹಿಂದಿನದಕ್ಕೆ ರಿಮ್ ಕಾಪಾಡಲು ಒಳಗೆ ಫೋಮ್ ಇನ್ಸರ್ಟ್.

ಕೈಕೊಟ್ಟಿದ್ದು, ಟ್ಯೂಬಿಲ್ಲದ ಟಯರಿನ ಗಾಳಿ ಸೋರದಂತೆ ರಿಮ್ಮಿನ ಒಳಗೆ ಸುತ್ತುವ ಟೇಪು. ರಿಮ್ಮಿನ ಒಳಅಗಲ 30 ಮಿ.ಮೀ. ಇದ್ದುದಕ್ಕೆ 30ರದ್ದೇ ಟೇಪ್ ಹಾಕಿದ್ದೆ. ಟಯರಿನ ಬಿರುಸು ಅಂಚು (ಬೀಡ್) ರಿಮ್ಮಿಗೆ ಕೂರುವಾಗ ಟೇಪಿನ ಅಂಚು ಮಡಚಿಕೊಂಡು, ಸೀಲೆಂಟ್ ಅಡಿಯಲ್ಲಿ ನುಸುಳಿ ಸ್ಪೋಕ್ ತೂತುಗಳಿಂದ ಜಿನುಗಿತು. 33 ತಂದ ಮೇಲೆ ಸರಿಹೋಯಿತು. ರಿಮ್ಮನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ವಾಲ್ವಿನ ಎದುರು ಬದಿಯಿಂದ ಶುರುಮಾಡಿ, ಬಿಗಿಯಾಗಿ ಎಳೆದು ಎರಡು ಸುತ್ತು ಹಾಕಬೇಕು. ವಾಲ್ವಿನ ತೂತನ್ನು ಬ್ಲೇಡಿನಿಂದ ಕತ್ತರಿಸಬೇಡಿ, ಸೀಳು ಬೆಳೆಯುತ್ತಾ ಹೋಗುತ್ತದೆ. ಕಾಯಿಸಿದ ಮೊಳೆಯಿಂದ ಚುಚ್ಚಿ. ಹಟಮಾರಿ ಟಯರನ್ನು ಕಂಪ್ರೆಸರ್ ಇಲ್ಲದೆ ಕೂರಿಸಲು ನನ್ನದೊಂದು ಕೈಚಳಕ ಇದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಸವಾರ 70 ಕಿಲೊ ಇದ್ದರೆ ಕ್ರಾಸ್‌ಕಂಟ್ರಿಗೆ ಮುಂದೆ 19, ಹಿಂದೆ 21 ಪಿಎಸ್‌ಐ ಗಾಳಿ ಸಾಕು. ಎಂಡ್ಯೂರೊಗೆ 21 ಮತ್ತು 24. ತೆಳು ಟಯರನ್ನೇ 18ಕ್ಕಿಳಿಸಿ ಕಲ್ಲುಗಳ ಮೇಲೆ ಓಡಿಸಿದ ತಪ್ಪಿಗೆ ಒಂದು ರಿಮ್ ಒಳಕ್ಕೆ ಬಾಗಿತು, ಎರಡು ಟಯರಿನ ಪಕ್ಕ ಹರಿಯಿತು. ದುಡ್ಡು ಸೋರಿದ್ದು ಅಲ್ಲೇ. ಕಾರ್ಬನ್ ಗಾಲಿಯ ಆಸೆ ಮೊದಲೇ ಬಿಟ್ಟಿದ್ದೆ, ಸದ್ಯ! ಅದರ ಒಂದು ಜೋಡಿಯ ದುಡ್ಡಿಗೆ ಎರಡು ಜೋಡಿ ಅಲ್ಯೂಮಿನಿಯಂ ಗಾಲಿ, ನಾಲ್ಕು ಟಯರ್ ಬಂದು, ಬ್ರೇಕ್ ಪ್ಯಾಡಿಗೂ ಉಳಿದಿತ್ತು.

ಗಾಲಿ ಬದಲಿಸಿದಾಗಲೆಲ್ಲ ಡಿಸ್ಕ್ ಉಜ್ಜುವ ಶಬ್ದ ಬರುವುದು ಗಾಲಿಗಳ ನಡುವಿನ ಹಬ್‌ಗಳ ಚೂರುಪಾರು ವ್ಯತ್ಯಾಸದಿಂದ. ಪ್ರತಿಸಲ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಸಡಿಲಿಸುವ ಬದಲು, ಒಳಕ್ಕೆ ಕೂತಿರುವ ರೋಟರಿನ (ಅದೇ ಡಿಸ್ಕ್) ಅಡಿಗೆ 0.2 ಮಿ.ಮೀ. ತೆಳು ಬಿಲ್ಲೆ (ಶಿಮ್) ಕೊಟ್ಟು ಎರಡನ್ನೂ ಒಂದೇ ಗೆರೆಗೆ ತನ್ನಿ. ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಚ್ಛ, ಅಂದರೆ ಕ್ಯಾಸೆಟ್ಟಿನದು ಬೇರೆ ತಲೆನೋವು. ಒಂದು ಸವೆದು ಇನ್ನೊಂದು ಹೊಸದಿದ್ದರೆ, ಸವೆದದ್ದಕ್ಕೆ ಒಗ್ಗಿದ ಚೈನು ಹೊಸ ಹಲ್ಲಿನ ಮೇಲೆ ಸರಿಯಾಗಿ ಕೂರದು. ಎರಡೂ ಕ್ಯಾಸೆಟ್ಟುಗಳನ್ನು ಒಟ್ಟಿಗೇ ಹೊಸದಾಗಿ ಹಾಕಿ, ಸವೆತ ಅಳೆಯುವ ಗೇಜು ಶೇ. 0.5 ತೋರಿಸುತ್ತಲೇ ಚೈನ್ ಬದಲಿಸಿದೆ, ಆಮೇಲೆ ಜಾರಲಿಲ್ಲ.

ನಡುವೆ ಚೈನಿಗೆ ಎಣ್ಣೆಯ ಬದಲು ಕರಗಿಸಿದ ಪ್ಯಾರಫಿನ್ ಮೇಣವನ್ನೂ ನೋಡಿದೆ. ಒಣ ದಾರಿಯಲ್ಲಿ ಸೊಗಸು, ಧೂಳೇ ಹಿಡಿಯದು. ಒದ್ದೆ ಕೆಸರಿನಲ್ಲಿ ಎರಡು ತಾಸಿಗೆ ಕೀಚಲು ಶುರು.

ಡೌನ್‌ಹಿಲ್ಲಿಗೆ ಮಾತ್ರ ಈ ಉಪಾಯ ನಡೆಯಲಿಲ್ಲ. ಅದು ಬರೀ ಇಳಿಜಾರಿನ, ಎರಡರಿಂದ ಐದು ನಿಮಿಷದ ಆಟ, 200 ಮಿ.ಮೀ. ಟ್ರಾವೆಲ್ಲಿನ ಬೈಕುಗಳದ್ದು. ಬ್ರೇಕ್ ಬಿಸಿಯಾಗುವ ರಗಳೆ ಈ ಆಟದಷ್ಟೇ ಹಳೆಯದು. 1976ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಬಳಿ ಇಳಿಯುತ್ತಿದ್ದವರ ಬ್ರೇಕ್ ಒಳಗೇ ಇದ್ದ ಹಿಂದಿನ ಹಬ್ಬಿನ ಗ್ರೀಸು ಸುಟ್ಟುಹೋಗಿ, ಹೊಸದಾಗಿ ತುಂಬಬೇಕಾಗುತ್ತಿತ್ತು. ಆ ಇಳಿಜಾರಿಗೆ ರೀಪ್ಯಾಕ್ ಎಂಬ ಹೆಸರು ಬಂದದ್ದೇ ಹಾಗೆ. ನನ್ನ ಬೈಕಿನ 160 ಮಿ.ಮೀ. ಹಿಂದಿನ ರೋಟರು ಅರ್ಧ ದಾರಿಯಲ್ಲೇ ಬಿಸಿಯೇರಿ ನೀಲಿಗಟ್ಟಿ, ಬ್ರೇಕ್ ಲಿವರ್ ಹ್ಯಾಂಡಲ್‌ಬಾರಿಗೆ ತಾಗಿತು.